ಕಿಲಿಮಂಜಾರೋ ಹಿಮ 2020ಕ್ಕೇ ಮುಗಿಯಬೇಕಿತ್ತಲ್ಲ?

ಸಂತೋಷ್, ದಾವಣಗೆರೆ
ಆಫ್ರಿಕಾದ ಟಾಂಜಾನಿಯಾದಲ್ಲಿರುವ ಕಿಲಿಮಂಜಾರೋ ಬೆಟ್ಟದ ಮೇಲಿನ ಹಿಮ 2015ರಿಂದ 2020ರ ಒಳಗೆ ಪೂರ್ತಿ ಹೋಗುತ್ತದೆ ಅಂತ 2002ರಲ್ಲಿ ವಿಜ್ಞಾನಿಗಳು ಬರೆದಿದ್ದರು. ಮೊನ್ನೆ ಹತ್ತಿ ಬಂದ ಗೆಳೆಯರ ಫೋಟೋಗಳಲ್ಲಿ ಹಿಮದ ಗೋಡೆಗಳು ಇನ್ನೂ ನಿಂತಿವೆ. ಹೀಗೆ ಗಡುವು ಕೊಟ್ಟು ಹೆದರಿಸಿದರೆ ನಾಳೆ ನಿಜ ಹೇಳಿದರೂ ಜನ ನಂಬುವುದಿಲ್ಲ.

ವೀಣಾ
ಸಂತೋಷ್ ಅವರೇ, ಗಡುವು ತಪ್ಪಿದ್ದು ನಿಜ. ಆದರೆ ಅಳತೆ ನೋಡಿ. 1912ರಲ್ಲಿ ಸುಮಾರು 12 ಚದರ ಕಿ.ಮೀ. ಹಿಮ ಇತ್ತು. 2011ರ ಹೊತ್ತಿಗೆ 2 ಚದರ ಕಿ.ಮೀ.ಗಿಂತ ಕಡಿಮೆ. ನಿಮ್ಮ ಗೆಳೆಯರು ನೋಡಿದ್ದು ಅಳಿದುಳಿದದ್ದನ್ನು. ಭೂಮಿ ಬಿಸಿಯಾಯಿತು, ಹಿಮ ಕರಗಿತು. ಇದರಲ್ಲಿ ಅನುಮಾನ ಏನಿದೆ?

ರಾಘು ಮೇಷ್ಟ್ರು
ಮೇಡಂ, ಅಷ್ಟು ಸುಲಭವಾಗಿ ಹೇಳಿಬಿಡಬೇಡಿ. ತುದಿ ಇರುವುದು 5,895 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ವಾರ್ಷಿಕ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 7 ಡಿಗ್ರಿ ಕೆಳಗೆ. ತುಂಬಾ ಹಿಮ ನೀರೇ ಆಗದೆ ನೇರ ಆವಿಯಾಗುತ್ತದೆ. ನೆಟ್ಟಗೆ ನಿಂತ ಗೋಡೆಗಳಿಗೆ ಬಿಸಿಲು ನೇರ ಬಡಿದು, ಅಂಥ ಚಳಿಯಲ್ಲೂ ಅವು ಹಿಂದೆ ಸರಿಯುತ್ತವೆ. ಹೊಸ ಹಿಮ ಬಿದ್ದರೆ ಅದರ ಬಿಳುಪು ಬಿಸಿಲನ್ನು ವಾಪಸ್ ಕಳಿಸುತ್ತದೆ. ಬೀಳದಿದ್ದರೆ ಹಳೆಯ, ಮಾಸಿದ ಹಿಮ ಬಿಸಿಲು ಹೀರುತ್ತದೆ. 19ನೇ ಶತಮಾನದ ಕೊನೆಯಲ್ಲೇ ಪೂರ್ವ ಆಫ್ರಿಕಾದ ಹವೆ ಒಣಗಿತು. ಹಿಮ ಕುಗ್ಗುವುದು ಆಗಲೇ ಶುರುವಾಗಿತ್ತು. ಆಗಿನ ಕಾರ್ಖಾನೆಗಳ ಹೊಗೆಗೆ ಭೂಮಿಯನ್ನು ಅಷ್ಟು ಬಿಸಿ ಮಾಡುವ ಶಕ್ತಿ ಇತ್ತಾ?

ವೀಣಾ
ಶುರುವಾದದ್ದಕ್ಕೆ ಒಂದು ಕಾರಣ, ಮತ್ತೆ ಚೇತರಿಸಿಕೊಳ್ಳದೇ ಇರುವುದಕ್ಕೆ ಇನ್ನೊಂದು ಇರಬಹುದು ಅಲ್ವಾ ಮೇಷ್ಟ್ರೇ? ಅಲ್ಲಿಯ ಮಳೆ, ಹಿಮ ಎಲ್ಲ ಹಿಂದೂ ಮಹಾಸಾಗರದ ಮೇಲೆ ನಿಂತಿದೆ. ಆ ಕಡಲು ಬಿಸಿಯಾಗುತ್ತಿದೆ. ಪೂರ್ವ ಆಫ್ರಿಕಾದ ಇನ್ನೆರಡು ಬೆಟ್ಟ ಮೌಂಟ್ ಕೆನ್ಯಾ, ರುವೆಂಜೋರಿ ಎರಡರಲ್ಲೂ ಹಿಮ ಹೋಗುತ್ತಿದೆ. ಮೂರೂ ಬೆಟ್ಟ ಕಾಕತಾಳೀಯವಾಗಿ ಒಟ್ಟಿಗೆ ಕುಗ್ಗುತ್ತವಾ? 2050ರ ಒಳಗೆ ಆಫ್ರಿಕಾದ ಹಿಮನದಿಗಳು ಇರುವುದಿಲ್ಲ ಅಂತ ಯುನೆಸ್ಕೋ 2022ರಲ್ಲಿ ಹೇಳಿದೆ.

ಸಂತೋಷ್, ದಾವಣಗೆರೆ
ಮತ್ತೆ ಗಡುವು! ಕುಗ್ಗುತ್ತಿದೆ ಅಂತ ಹೇಳಿ, ಒಪ್ಪುತ್ತೇನೆ. ತಾರೀಕು ಯಾಕೆ?

ಫಾತಿಮಾ, ದಾರ್ ಎಸ್ ಸಲಾಮ್
ಬೆಟ್ಟದ ಬುಡದಲ್ಲಿ ಚಗ್ಗಾ ಜನ ಇದ್ದಾರೆ. ನಿಮ್ಮ ಮಾತಿನಲ್ಲಿ ಅವರೇ ಇಲ್ಲ. ಅವರು ತಲೆತಲಾಂತರದಿಂದ ನೋಡುತ್ತಿದ್ದ ಹಿಮವನ್ನು 1848ರಲ್ಲಿ ರೆಬ್ಮನ್ ಎಂಬ ಪಾದ್ರಿ ಕಂಡು ಬರೆದ. ಸಮಭಾಜಕದ ಹತ್ತಿರ ಹಿಮವೇ ಅಂತ ಲಂಡನ್ನಿನಲ್ಲಿ ನಂಬಲಿಲ್ಲ. 1889ರಲ್ಲಿ ಹಾನ್ಸ್ ಮೇಯರ್, ಪುರ್ಟ್‌ಶೆಲ್ಲರ್ ತುದಿ ಮುಟ್ಟಿ ಅದಕ್ಕೆ ಜರ್ಮನ್ ಚಕ್ರವರ್ತಿಯ ಹೆಸರಿಟ್ಟರು. ಮೇಲಿನ ಕ್ಯಾಂಪಿನಲ್ಲಿ ಅವರ ಜೊತೆ ಇದ್ದ ಪಂಗಾನಿಯ ಮ್ವಿನಿ ಅಮಾನಿಯನ್ನು ಎಷ್ಟು ಜನ ನೆನೆಯುತ್ತಾರೆ? 1961ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ತುದಿಯ ಹೆಸರು ಉಹುರು ಆಯಿತು, ಸ್ವಾಹಿಲಿಯಲ್ಲಿ ಸ್ವಾತಂತ್ರ್ಯ ಅಂತ. ಹಿಮನದಿಗಳಿಗೆ ಮಾತ್ರ ರೆಬ್ಮನ್, ಡೆಕೆನ್, ಕ್ರೆಡ್ನರ್, ಫುರ್ಟ್‌ವೆಂಗ್ಲರ್ ಹೆಸರೇ ಇವೆ. ನನಗೆ ಇದು ನೋವಿನ ವಿಷಯ.

ಇನ್ನು ನೀರು. ಹಿಮ ಹೋದರೆ ಊರುಗಳು ಒಣಗುತ್ತವೆ ಅಂತ ಕೆಲವರು ಹೇಳುವುದು ಸರಿಯಲ್ಲ. ಅಲ್ಲಿಯ ತೊರೆಗಳಿಗೆ ನೀರು ಬರುವುದು ಹೆಚ್ಚಾಗಿ ಬೆಟ್ಟದ ನಡುಭಾಗದ ಕಾಡಿನಿಂದ. ಅದು ಮಳೆ ಹಿಡಿಯುತ್ತದೆ, ಮಂಜನ್ನೂ ಹಿಡಿಯುತ್ತದೆ. ಆ ಕಾಡಿನ ಮೇಲಂಚು ಬೆಂಕಿ ಬಿದ್ದು ಬಿದ್ದು ಕೆಳಗೆ ಇಳಿದಿದೆ. ಜನ ಬದುಕಬೇಕಾದರೆ ಮೊದಲು ಅದನ್ನು ಕಾಯಬೇಕು. ಹಿಮದ ಫೋಟೋ ಎಲ್ಲರಿಗೂ ಬೇಕು, ಕಾಡಿನ ಬೆಂಕಿ ಯಾರಿಗೂ ಸುದ್ದಿಯಲ್ಲ.

ವೀಣಾ
ಫಾತಿಮಾ ಅವರೇ, ಒಣಹವೆ ಜಾಸ್ತಿಯಾದರೆ ಕಾಡಿನ ಬೆಂಕಿಯೂ ಜಾಸ್ತಿ. ಎರಡನ್ನೂ ಬೇರೆ ಮಾಡಬೇಡಿ.

ರಾಘು ಮೇಷ್ಟ್ರು
ಕಾಡು ಮೊದಲು, ಒಪ್ಪಿದೆ. ಆದರೆ ಹಿಮ ಹೋದರೂ ಪರವಾಗಿಲ್ಲ ಅಂತ ಯಾರೂ ತಿಳಿಯಬಾರದು. 2000ರಲ್ಲಿ ಅಲ್ಲಿ ಕೊರೆದು ತೆಗೆದ ಹಿಮ 11,700 ವರ್ಷ ಹಳೆಯದು ಅಂತ ಒಂದು ತಂಡ ಹೇಳಿತು. ಅಷ್ಟು ಹಳೆಯದಲ್ಲ ಅಂತ ಬೇರೆಯವರ ವಾದ. ಹಿಂದೆ ಬರ ಬಂದಾಗ ಈ ಹಿಮ ಪೂರ್ತಿ ಹೋಗಿ ಮತ್ತೆ ಕಟ್ಟಿಕೊಂಡಿತ್ತಾ ಅನ್ನುವುದೂ ಇದರಿಂದಲೇ ತಿಳಿಯಬೇಕು. ಅಳೆಯುವ ಕೆಲಸ ಏನಿದ್ದರೂ ಹಿಮ ಇರುವಾಗಲೇ ಆಗಬೇಕು.