ಇ-ಪಬ್ ತಿದ್ದುವಾಗ ಪರಿವಿಡಿ, ಪದ್ಯದ ಸಾಲು ಕೆಡದ ಹಾಗೆ ಮಾಡುವುದು ಹೇಗೆ?

ಶಿರಸಿ ಓದುಗ:
ಯಕ್ಷಗಾನದ 12 ಪ್ರಸಂಗಗಳಿರುವ ಇ-ಪಬ್ (ಇ-ಪುಸ್ತಕ) ಫೈಲ್. ಅಕ್ಷರ ತಪ್ಪು ತಿದ್ದಲು ಕ್ಯಾಲಿಬರ್ ಎಂಬ ಇ-ಪುಸ್ತಕ ತಂತ್ರಾಂಶದಲ್ಲಿ ವರ್ಡ್ ಫೈಲ್ ಮಾಡಿ, ತಿದ್ದಿ, ಪುನಃ ಇ-ಪಬ್‌ಗೆ ತಂದೆ. ಪರಿವಿಡಿ ಹೋಯ್ತು, ಪದ್ಯಗಳೆಲ್ಲ ಗದ್ಯದ ಹಾಗೆ ಎಡಕ್ಕೆ ಅಂಟಿಕೊಂಡಿವೆ. ಮೂಲ ಫೈಲ್ ಇದೆ. ಸರಿಯಾದ ಕ್ರಮ ಹೇಳಿ.

ಕಾರವಾರ ಕಡಲು:
ಮೂಲ ಇದ್ದದ್ದು ಒಳ್ಳೆಯದಾಯ್ತು. ಅದರದ್ದೊಂದು ಪ್ರತಿ ತೆಗೆದಿಟ್ಟು ಶುರು ಮಾಡಿ. ಅಕ್ಷರ ತಿದ್ದಲು ಕನ್ವರ್ಟ್ ಮಾಡಲೇಬೇಡಿ. ಕ್ಯಾಲಿಬರ್‌ನ ‘ಎಡಿಟ್ ಬುಕ್’ ಅಥವಾ ಸಿಗಿಲ್ ಎಂಬ ಇ-ಪಬ್ ತಿದ್ದುವ ತಂತ್ರಾಂಶದಲ್ಲಿ ನೇರ ತೆರೆದು, ಟ್ಯಾಗ್‌ಗಳ (< > ಒಳಗಿನ ಸಂಕೇತಗಳ) ನಡುವಿನ ಪಠ್ಯವನ್ನಷ್ಟೇ ಮುಟ್ಟಿ.

ವರ್ಡ್‌ನಲ್ಲಿ ಹೆಡಿಂಗ್ ಸ್ಟೈಲ್ ಕಳೆದುಹೋದರೆ ಕ್ಯಾಲಿಬರ್ ಅಧ್ಯಾಯಗಳನ್ನು ಊಹಿಸಲು ಹೊರಡುತ್ತದೆ. ಅದು ಹುಡುಕುವುದು ಚಾಪ್ಟರ್, ಸೆಕ್ಷನ್, ಪಾರ್ಟ್ ಎಂಬ ಇಂಗ್ಲಿಷ್ ಪದಗಳನ್ನು. ‘ಒಂದನೆಯ ಪ್ರಸಂಗ’ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಪರಿವಿಡಿಯ ಪ್ರತಿ ಸಾಲಿನ ಹಿಂದೆ ಒಂದು ಫೈಲ್ ಹೆಸರು, ಬೇಕಿದ್ದರೆ ಅದರೊಳಗಿನ ಒಂದು ಐಡಿ (ಜಾಗದ ಗುರುತು) ಇರುತ್ತದೆ. ತಿದ್ದುವಾಗ ಐಡಿ ಅಳಿಸಿದರೆ ಒತ್ತಿದ ಜಾಗಕ್ಕೆ ಹೋಗದು. ಫೈಲ್ ಹೆಸರು ಬದಲಿಸುವುದಿದ್ದರೆ ಸಿಗಿಲ್ ಒಳಗೇ ಬದಲಿಸಿ. ಆಗ ಕೊಂಡಿಗಳನ್ನು ಅದೇ ಸರಿಮಾಡಿಕೊಳ್ಳುತ್ತದೆ.

ಪದ್ಯದ ಸಾಲಿಗೆ ಸ್ಟೈಲ್‌ಶೀಟ್‌ನಲ್ಲಿ (ವಿನ್ಯಾಸದ ಫೈಲ್) ಒಂದು ಕ್ಲಾಸ್ (ಹೆಸರಿಟ್ಟ ವಿನ್ಯಾಸ) ಇರಲಿ: ಎಡ ಅಂಚು 2 ಎಮ್ (ಅಕ್ಷರದ ಗಾತ್ರದ ಅಳತೆ), ಮೊದಲ ಸಾಲಿನ ಇಂಡೆಂಟ್ ಮೈನಸ್ 2 ಎಮ್. ಫೋನಿನ ಸಣ್ಣ ಪರದೆಯಲ್ಲಿ ಉದ್ದದ ಸಾಲು ಮಡಚಿದಾಗ ಉಳಿದ ಭಾಗ ಒಳಗೆ ಸರಿದು ನಿಲ್ಲುತ್ತದೆ, ಹೊಸ ಪಾದ ಎಲ್ಲಿಂದ ಎಂದು ಭಾಗವತರಿಗೆ ಗೊಂದಲ ಆಗದು. ಸ್ಪೇಸ್ ಒತ್ತಿ ಸರಿಸಿದರೆ ಅದು ನಿಲ್ಲದು.

ಶಿರಸಿ ಓದುಗ:
ಸಿಗಿಲ್‌ನಲ್ಲಿ ತಿದ್ದಿ ಪರಿವಿಡಿ ಹೊಸದಾಗಿ ಜನರೇಟ್ ಮಾಡಿದೆ. ಪದ್ಯ ಸರಿಯಾಗಿದೆ. ಆದರೆ ‘ರಾಗ ಭೈರವಿ, ಝಂಪೆ ತಾಳ’ ಅಂತ ನೂರಾರು ಸಾಲು ಪರಿವಿಡಿಗೆ ಬಂದು ಕೂತಿವೆ.

ಕಾರವಾರ ಕಡಲು:
ರಾಗ-ತಾಳದ ಸಾಲುಗಳನ್ನು ಯಾರೋ ಎಚ್3, ಅಂದರೆ ಮೂರನೇ ಹಂತದ ಹೆಡಿಂಗ್ ಮಾಡಿದ್ದಾರೆ. ಜನರೇಟ್ ಮಾಡುವ ಕಿಟಕಿಯಲ್ಲೇ ಎರಡನೇ ಹಂತದವರೆಗೆ ಸಾಕು ಎಂದು ಆರಿಸಿ. ಪ್ರಸಂಗದ ಹೆಸರಿಗೆ ಎಚ್1, ಒಳಗಿನ ಸಂದರ್ಭಕ್ಕೆ ಎಚ್2. ರಾಗ-ತಾಳವನ್ನು ಸಾಮಾನ್ಯ ಪ್ಯಾರಾ ಮಾಡಿ ದಪ್ಪಕ್ಷರದ ಕ್ಲಾಸ್ ಕೊಡುವುದೇ ಸರಿ.

ಕುಮಟಾ ಅಕ್ಷರ:
ಒಂದು ವಿಷಯ ಬಿಟ್ಟುಹೋಗಿದೆ. ಕನ್ನಡದಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಇದೆ, ಯೂನಿಕೋಡ್ ಸಂಖ್ಯೆ 8204. ‘ಆನಂದ್‌ರಾವ್’ ಎಂಬಲ್ಲಿ ದ್ ಆದಮೇಲೆ ಕೂತಿರುವುದು ಅದೇ. ಹುಡುಕಿ ಬದಲಿಸುವಾಗ ಅದು ಉದುರಿದರೆ ‘ಆನಂದ್ರಾವ್’ ಆಗುತ್ತದೆ. ಹಾಗಾಗಿ ‘ಎಲ್ಲ ಬದಲಿಸು’ ಒತ್ತುವ ಮೊದಲು ಹತ್ತಿಪ್ಪತ್ತು ಕಡೆ ಒಂದೊಂದಾಗಿ ನೋಡಿ.

ಇನ್ನು ಇ-ಪಬ್ ಎಂದರೆ ಜಿಪ್ ಕಟ್ಟು. ಕೈಯಲ್ಲೇ ಬಿಚ್ಚಿ ಕಟ್ಟುವುದಾದರೆ ಮೈಮ್‌ಟೈಪ್ ಎಂಬ ಸಣ್ಣ ಫೈಲ್ ಎಲ್ಲಕ್ಕಿಂತ ಮೊದಲು, ಕುಗ್ಗಿಸದೆ ಸೇರಬೇಕು. ಅದರಲ್ಲಿ ಇರಬೇಕಾದದ್ದು 20 ಅಕ್ಷರ, ಕೊನೆಗೆ ಎಂಟರ್ ಕೂಡ ಬೀಳಬಾರದು. ಕಡೆಗೆ ಇ-ಪಬ್‌ಚೆಕ್ ಎಂಬ ತಪ್ಪು ಹುಡುಕುವ ತಂತ್ರಾಂಶದಲ್ಲಿ ಹಾಯಿಸಿ. ಮುರಿದ ಕೊಂಡಿಯನ್ನು ಫೈಲ್, ಸಾಲಿನ ಸಂಖ್ಯೆ ಸಮೇತ ತೋರಿಸುತ್ತದೆ.