ಪದಚರ್ಚೆ: ‘ಕ್ಲೇಮೆಂಟ್’ ಎಂದರೆ ಹಕ್ಕುದಾರನೇ? ಟಿಚ್‌ಬೋರ್ನ್ ಮನೆತನದ ಪತ್ರಿಕಾ ಪ್ರಕಟಣೆಗಳಲ್ಲಿನ ಕೆಲವು ಪದಗಳು

ಮಾನ್ಯರೇ,

ಇಂಗ್ಲೆಂಡಿನ ಹ್ಯಾಂಪ್‌ಶೈರಿನ ಟಿಚ್‌ಬೋರ್ನ್ ಎಂಬ ಜಮೀನ್ದಾರಿ ಮನೆತನದ ಕಥೆಯನ್ನು ಹತ್ತೊಂಬತ್ತನೆಯ ಶತಮಾನದ ಪತ್ರಿಕೆಗಳಲ್ಲಿ ಅಚ್ಚಾದ ಜನನ, ವಿವಾಹ, ಮರಣದ ಪ್ರಕಟಣೆಗಳನ್ನೂ ಜಾಹೀರಾತುಗಳನ್ನೂ ಆಧರಿಸಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವುಗಳಲ್ಲಿ ಬರುವ ‘ಕ್ಲೇಮೆಂಟ್’ (ಹಕ್ಕು ತನ್ನದೆಂದು ಹೇಳಿಕೊಂಡು ಬಂದವನು) ಮೊದಲಾದ ಕೆಲವು ಪದಗಳಿಗೆ ನಾವು ರೂಢಿಯಿಂದ ಬಳಸುವ ಕನ್ನಡ ಪದಗಳು ಹೊಂದುತ್ತಿಲ್ಲವೆಂದು ನನಗೆ ತೋರುತ್ತಿರುವುದರಿಂದ ಬಲ್ಲವರ ಮುಂದೆ ಈ ಪ್ರಶ್ನೆಗಳನ್ನು ಇಡುತ್ತಿದ್ದೇನೆ.

ಇಂಥ ಪ್ರಕಟಣೆಗಳು ಮೂರು ನಾಲ್ಕು ಸಾಲಿನವು. ಅವುಗಳಲ್ಲಿ ಅಲಂಕಾರಕ್ಕೆಂದು ಬಂದ ಪದ ಬಹಳ ಕಡಿಮೆ. ‘ಹಿರಿಯ ಮಗ’, ‘ಎರಡನೆಯ ಮಗ’, ‘ಒಬ್ಬಳೇ ಮಗಳು’ ಎಂಬ ಒಂದೊಂದು ವಿಶೇಷಣವೂ ಆಸ್ತಿಯ ಸಾಲಿನಲ್ಲಿ ಆ ವ್ಯಕ್ತಿ ಎಲ್ಲಿ ನಿಂತಿದ್ದಾನೆ ಎಂಬುದನ್ನು ಹೇಳುತ್ತದೆ. ನಮ್ಮ ಲಗ್ನಪತ್ರಿಕೆಗಳಲ್ಲಿಯೂ ‘ಜ್ಯೇಷ್ಠ ಪುತ್ರ’, ‘ದ್ವಿತೀಯ ಪುತ್ರ’ ಎಂದು ಅಚ್ಚು ಹಾಕಿಸುತ್ತೇವಾದರೂ ಅದರಿಂದ ಯಾರ ಪಾಲೂ ಹೆಚ್ಚುಕಡಿಮೆಯಾಗುವುದಿಲ್ಲ. ಅಲ್ಲಿ ಹಿರಿಯವನಿಗೆ ಬಹುಪಾಲು ಎಲ್ಲವೂ, ಉಳಿದವರಿಗೆ ವರ್ಷಾಶನವೋ ವರದಕ್ಷಿಣೆಯೋ ಎಂಬ ಪರಿಸ್ಥಿತಿಯಿತ್ತು. ಜನನದ ಪ್ರಕಟಣೆಯಂತೂ ‘ಇಂಥವರ ಪತ್ನಿ ಗಂಡುಮಗುವನ್ನು ಹೆತ್ತರು’ ಎಂಬಷ್ಟಕ್ಕೇ ಮುಗಿಯುತ್ತಿತ್ತು. ತಾಯಿಯ ಹೆಸರೂ ಇಲ್ಲ, ಮಗುವಿನ ಹೆಸರೂ ಇಲ್ಲ, ಗಂಡು ಹುಟ್ಟಿತೆಂಬುದೇ ಸುದ್ದಿ. ತಾರೀಖಿನ ಜೊತೆಗೆ ಬರುವ ‘ಇನ್‌ಸ್ಟಂಟ್’, ‘ಅಲ್ಟಿಮೋ’ ಎಂಬ ಸಂಕ್ಷೇಪಗಳು ನನಗೆ ತೊಡಕಾಗಲಿಲ್ಲ. ನಮ್ಮ ಹಳೆಯ ಕಚೇರಿ ಕಾಗದಗಳ ‘ಹಾಲಿ ಮಾಹೆ’, ‘ಗತ ಮಾಹೆ’ ಅವುಗಳಿಗೆ ಸರಿಯಾಗಿ ಕೂಡುತ್ತವೆ. ತೊಡಕು ಇರುವುದು ವಾರಸಿಕೆಯ ಪದಗಳಲ್ಲಿ.

ಮೊದಲು ಮನೆತನದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಕ್ಯಾಥೊಲಿಕ್ ಮತದ ಈ ಮನೆತನಕ್ಕೆ 1621ರಲ್ಲಿ ಬ್ಯಾರೊನೆಟ್ ಪದವಿ, ಎಂದರೆ ವಂಶಪಾರಂಪರ್ಯವಾಗಿ ಇಳಿಯುವ ‘ಸರ್’ ಪದವಿ, ಬಂದಿತು. ಏಳನೆಯ ಬ್ಯಾರೊನೆಟ್ ಸರ್ ಹೆನ್ರಿಗೆ ಏಳು ಗಂಡುಮಕ್ಕಳು; ಅವರಲ್ಲಿ ಹಿರಿಯವನಾದ ಎಂಟನೆಯ ಬ್ಯಾರೊನೆಟ್ಟಿಗೆ ಏಳು ಹೆಣ್ಣುಮಕ್ಕಳು. (ಮಾರ್ಚ್ 25ರಂದು ಬಡವರಿಗೆ ಹಿಟ್ಟು ಹಂಚುವ ಆ ಊರಿನ ಹಳೆಯ ದಾನ ನಿಂತರೆ ಏಳು ಗಂಡುಮಕ್ಕಳ ತಲೆಮಾರಿನ ಹಿಂದೆಯೇ ಏಳು ಹೆಣ್ಣುಮಕ್ಕಳ ತಲೆಮಾರು ಬಂದು ಮನೆತನದ ಹೆಸರು ಅಳಿಯುವುದೆಂಬ ಶಾಪದ ಐತಿಹ್ಯವಿದೆ, ಆ ದಾನವನ್ನು 1796ರಲ್ಲಿ ನಿಲ್ಲಿಸಲಾಗಿತ್ತು ಎಂಬುದರಿಂದ ಐತಿಹ್ಯಕ್ಕೆ ಮತ್ತಷ್ಟು ಬಲ ಬಂದಿತು.) 1845ರಲ್ಲಿ ಪದವಿಯು ತಮ್ಮ ಎಡ್ವರ್ಡನಿಗೂ 1853ರಲ್ಲಿ ಇನ್ನೊಬ್ಬ ತಮ್ಮ ಜೇಮ್ಸನಿಗೂ ಸಂದಿತು. ಜೇಮ್ಸನ ಹಿರಿಯ ಮಗ, 1829ರಲ್ಲಿ ಹುಟ್ಟಿದ ರೋಜರ್, ದಕ್ಷಿಣ ಅಮೆರಿಕದಲ್ಲಿ ತಿರುಗಾಡುತ್ತಿದ್ದವನು 1854ರ ಏಪ್ರಿಲ್ 20ರಂದು ರಿಯೋ ಡಿ ಜನೈರೋ ಬಂದರಿನಿಂದ ‘ಬೆಲ್ಲಾ’ ಎಂಬ ಹಡಗನ್ನು ಹತ್ತಿದನು. ಹಡಗು ಸಮುದ್ರದ ಪಾಲಾಯಿತು. 1862ರಲ್ಲಿ ಜೇಮ್ಸ್ ತೀರಿಕೊಂಡ ಮೇಲೆ ಎರಡನೆಯ ಮಗ ಆಲ್ಫ್ರೆಡ್ ಹನ್ನೊಂದನೆಯ ಬ್ಯಾರೊನೆಟ್ ಆದನು. ತಾಯಿ ಹೆನ್ರಿಯೆಟ್ ಮಾತ್ರ ರೋಜರ್ ಸತ್ತನೆಂಬುದನ್ನು ಒಪ್ಪದೆ 1863ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿಯೂ, 1865ರಲ್ಲಿ ಸಿಡ್ನಿಯ ಒಂದು ಏಜೆನ್ಸಿಯ ಮೂಲಕ ಆಸ್ಟ್ರೇಲಿಯದ ಪತ್ರಿಕೆಗಳಲ್ಲಿಯೂ ಜಾಹೀರಾತು ಕೊಡಿಸಿದಳು.

ಆಸ್ಟ್ರೇಲಿಯದ ಆ ಜಾಹೀರಾತೇ ನನ್ನ ಚರ್ಚೆಯ ಮೂಲ. ಅದರ ಧಾಟಿ ನಮಗೆ ಅಪರಿಚಿತವಲ್ಲ; ನಮ್ಮ ಪತ್ರಿಕೆಗಳಲ್ಲಿ ‘ಕಾಣೆಯಾಗಿದ್ದಾರೆ’ ಎಂಬ ತಲೆಬರಹದ ಕೆಳಗೆ ‘ಎಣ್ಣೆಗೆಂಪು ಮೈಬಣ್ಣ, ಕೋಲುಮುಖ, ಸಾಧಾರಣ ಮೈಕಟ್ಟು; ಸುಳಿವು ಕೊಟ್ಟವರಿಗೆ ಸೂಕ್ತ ಬಹುಮಾನ’ ಎಂದು ಬರುವ ಬರಹದ ಜಾತಿಗೇ ಸೇರಿದ್ದು. ಹಡಗಿನ ಹೆಸರು, ಹೊರಟ ತಾರೀಖು, ಅದೇ ಹೆಸರಿನ ಹಡಗಿನವರಲ್ಲಿ ಕೆಲವರನ್ನು ಮೆಲ್ಬರ್ನಿನ ಕಡೆಗೆ ಹೋಗುತ್ತಿದ್ದ ಇನ್ನೊಂದು ಹಡಗು ಎತ್ತಿಕೊಂಡಿತೆಂಬ ವದಂತಿ ಇಷ್ಟನ್ನು ಹೇಳಿ, ಅನಂತರ ಚಹರೆ ಕೊಡುತ್ತದೆ: ಸೂಕ್ಷ್ಮ ಪ್ರಕೃತಿಯವರು, ಎತ್ತರದ ಆಳು, ತಿಳಿ ಕಂದುಗೂದಲು, ನೀಲಿ ಕಣ್ಣು. (ಮೂಲದ ಮಾತು ಆರೋಗ್ಯವನ್ನು ಕುರಿತದ್ದು, ‘ತೆಳ್ಳನೆಯ ಮೈಕಟ್ಟು’ ಎಂದರೆ ತಪ್ಪಾಗುತ್ತದೆ, ‘ಉಷ್ಣ ಪ್ರಕೃತಿ’ ಎನ್ನುವಾಗಿನ ‘ಪ್ರಕೃತಿ’ಯೇ ಸರಿ ಎಂದು ನನ್ನ ಅಭಿಪ್ರಾಯ.) ಕೊನೆಯ ವಾಕ್ಯವು, ಮಿಸ್ಟರ್ ಟಿಚ್‌ಬೋರ್ನ್ ಅವರು ಈಗ ದಿವಂಗತರಾಗಿರುವ ಸರ್ ಜೇಮ್ಸ್ ಅವರ ಮಗನೆಂದೂ ಅವರ ಸಮಸ್ತ ಆಸ್ತಿಗೆ ‘ಏರ್’ ಎಂದೂ ತಿಳಿಸುತ್ತದೆ.

ಈ ‘ಏರ್’ ಎಂಬುದನ್ನು ನಾವೆಲ್ಲರೂ ಕಣ್ಣುಮುಚ್ಚಿ ‘ವಾರಸುದಾರ’ ಎಂದು ಬರೆಯುತ್ತೇವೆ. ಆದರೆ ಬದುಕಿರುವವನಿಗೆ ವಾರಸುದಾರನಿಲ್ಲ ಎಂಬುದು ಇಂಗ್ಲಿಷ್ ಕಾನೂನಿನ ಹಳೆಯ ಸೂತ್ರ. ಹಾಗಾಗಿ ತಂದೆ ಜೀವಂತನಾಗಿರುವಾಗ ಹಿರಿಯ ಮಗನನ್ನು ಬರಿಯ ‘ಏರ್’ ಎನ್ನದೆ ‘ಏರ್ ಅಪ್ಯಾರೆಂಟ್’ ಎನ್ನುತ್ತಾರೆ, ಅಂದರೆ ಅವನು ತಂದೆಗಿಂತ ಮುಂಚೆ ಸಾಯದಿದ್ದರೆ ಇನ್ನು ಯಾರು ಹುಟ್ಟಿದರೂ ಅವನ ಸ್ಥಾನ ತಪ್ಪದು. ಮಗನಿಲ್ಲದವನ ತಮ್ಮನು ‘ಏರ್ ಪ್ರಿಸಂಪ್ಟಿವ್’. ನಾಳೆ ಅಣ್ಣನಿಗೆ ಗಂಡುಮಗು ಹುಟ್ಟಿದರೆ ಇವನ ಸ್ಥಾನ ಹೋಯಿತು. ಏಳು ಹೆಣ್ಣುಮಕ್ಕಳಿದ್ದರೂ ಬ್ಯಾರೊನೆಟ್ ಪದವಿಯು ಗಂಡುಸಂತತಿಗೆ ಮಾತ್ರ ಸಲ್ಲುವುದರಿಂದ ಎಡ್ವರ್ಡನ ಸ್ಥಿತಿ 1845ರವರೆಗೆ ಇಂಥದ್ದೇ ಆಗಿತ್ತು. ಈ ಎರಡನ್ನೂ ‘ವಾರಸುದಾರ’ ಎಂಬ ಒಂದೇ ಮಾತಿನಲ್ಲಿ ಹೇಳಿದರೆ ಓದುಗನಿಗೆ ಮನೆತನದ ಅರ್ಧ ಆತಂಕ ತಿಳಿಯುವುದೇ ಇಲ್ಲ.

ಇದಕ್ಕೆ ನಮ್ಮಲ್ಲಿ ಪದ ಇರಲೇಬೇಕೆಂದು ನಾನು ಮೊದಲು ಹೋದದ್ದು ಹಿಂದೂ ಧರ್ಮಶಾಸ್ತ್ರದ ಗ್ರಂಥವಾದ ಮಿತಾಕ್ಷರೆಯ ಬಳಿಗೆ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ದಾಯವನ್ನು, ಎಂದರೆ ವಾರಸಿಕೆಯಿಂದ ಬರುವ ಆಸ್ತಿಯನ್ನು, ‘ಅಪ್ರತಿಬಂಧ’, ‘ಸಪ್ರತಿಬಂಧ’ ಎಂದು ಎರಡಾಗಿ ವಿಂಗಡಿಸಿದ್ದಾನೆ. ಅಡ್ಡಿಯಿಲ್ಲದ್ದು ಮತ್ತು ಅಡ್ಡಿಯುಳ್ಳದ್ದು ಎಂಬ ಈ ಜೋಡಿ ಮೇಲಿನ ಎರಡು ಇಂಗ್ಲಿಷ್ ಪದಗಳಿಗೆಂದೇ ಮಾಡಿಟ್ಟಂತೆ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಹೊಂದುವುದಿಲ್ಲ. ಮಿತಾಕ್ಷರೆಯಲ್ಲಿ ಮಗನಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸ್ವತ್ವವಿದೆ, ಅವನು ಪಾಲು ಕೇಳಬಹುದು. ಇಂಗ್ಲೆಂಡಿನ ಹಿರಿಯ ಮಗನಿಗೆ ಇರುವುದು ವಾರಸುದಾರನಾಗುವ ಭರವಸೆಯೇ ಹೊರತು ಆ ಸಂಬಂಧದಿಂದಲೇ ಬರುವ ಒಡೆತನವಲ್ಲ. ಸಪ್ರತಿಬಂಧ ದಾಯದಲ್ಲಿ ಅಡ್ಡಿಯೆಂದರೆ ಮುಖ್ಯವಾಗಿ ಈಗ ಬದುಕಿರುವ ಒಡೆಯ. ಏರ್ ಪ್ರಿಸಂಪ್ಟಿವ್‌ಗೆ ಇರುವ ಅಡ್ಡಿ ಇನ್ನೂ ಹುಟ್ಟದ ಮಗು. ಆದ್ದರಿಂದ ಶಾಸ್ತ್ರದ ಪದಗಳನ್ನು ಎರವಲು ತರುವುದು ಬೇಡವೆಂದು ‘ಖಾಯಂ ವಾರಸುದಾರ’, ‘ಸದ್ಯದ ವಾರಸುದಾರ’ ಎಂದು ಬರೆದು ನೋಡಿದ್ದೇನೆ. ಎರಡನೆಯದು ತಕ್ಕಮಟ್ಟಿಗೆ ಒಗ್ಗುತ್ತದೆ. ಮೊದಲನೆಯದು ನೌಕರಿಯ ಆದೇಶದಂತೆ ಕೇಳಿಸುತ್ತದೆ. ‘ದಾಯಾದಿ’ ಎಂಬ ಪದವು ಧಾತುವಿನ ಲೆಕ್ಕದಲ್ಲಿ ಬಹಳ ಹತ್ತಿರವಾದರೂ ಇಂದು ಅದನ್ನು ಕೇಳಿದೊಡನೆ ಓದುಗನಿಗೆ ಜಗಳವೇ ನೆನಪಾಗುವುದರಿಂದ ಕೈಬಿಟ್ಟಿದ್ದೇನೆ.

ಇದೇ ಜಾಹೀರಾತಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ತಂದೆ ಸತ್ತಿರುವುದರಿಂದ, ರೋಜರ್ ಬದುಕಿದ್ದರೆ ಅವನು ‘ಮಿಸ್ಟರ್’ ಅಲ್ಲ, ‘ಸರ್ ರೋಜರ್’. ಆ ಹೊತ್ತಿಗೆ ‘ಸರ್’ ಎಂಬುದನ್ನು ಧರಿಸಿ ಆಸ್ತಿಯಲ್ಲಿ ಕುಳಿತಿದ್ದವನು ತಮ್ಮ ಆಲ್ಫ್ರೆಡ್. ಹಿರಿಯನಿಗೆ ಆ ಪದವನ್ನು ಕೊಟ್ಟಿದ್ದರೆ ಕಿರಿಯನಿಗೆ ಅದು ಸಲ್ಲದೆಂದು ತಾಯಿಯೇ ಸಾರಿದಂತಾಗುತ್ತಿತ್ತು ಎಂದು ನಾನು ಓದಿಕೊಂಡಿದ್ದೇನೆ. ಕನ್ನಡದಲ್ಲಿ ಎರಡೂ ಕಡೆ ‘ಶ್ರೀ’ ಹಾಕಿಬಿಟ್ಟರೆ ಈ ಎಚ್ಚರ ಕಾಣದು. ನಮಗೆ ಸರ್ ಎಂ. ವಿಶ್ವೇಶ್ವರಯ್ಯನವರೂ ಸರ್ ಮಿರ್ಜಾ ಇಸ್ಮಾಯಿಲರೂ ಗೊತ್ತು. ಅವರ ‘ಸರ್’ ಅವರೊಂದಿಗೇ ಮುಗಿಯಿತು. ಬ್ಯಾರೊನೆಟ್ಟಿನ ‘ಸರ್’ ಮಗನಿಗೆ ಇಳಿಯುತ್ತದೆ. ಹಾಗಾಗಿ ಮೊದಲ ಸಲ ಬಂದಾಗಲಾದರೂ ‘ವಂಶಪಾರಂಪರ್ಯದ ಸರ್ ಪದವಿ’ ಎಂದು ಬಿಡಿಸಿ ಬರೆಯಬೇಕಾಗುತ್ತದೆ.

ಹೆಸರು ಬದಲಾವಣೆಯ ಪ್ರಕಟಣೆಗಳು ಇನ್ನೊಂದು ಬಗೆಯ ತೊಡಕು. ಎಡ್ವರ್ಡನು ಡೌಟಿ ಎಂಬ ಮನೆತನದ ಬಂಧುವಿನ ಆಸ್ತಿ ತನಗೆ ಬಂದಾಗ, 1826ರಲ್ಲಿ, ಟಿಚ್‌ಬೋರ್ನ್ ಎಂಬುದನ್ನು ಬಿಟ್ಟು ಡೌಟಿ ಎಂಬ ಹೆಸರನ್ನು ತಾಳಿದನು. ಅವನು ಬ್ಯಾರೊನೆಟ್ ಆದದ್ದೂ ಸರ್ ಎಡ್ವರ್ಡ್ ಡೌಟಿ ಎಂದೇ. ಇಂಥ ಬದಲಾವಣೆಗೆ ರಾಜನ ಅನುಮತಿ ಪಡೆದು ಲಂಡನ್ ಗೆಜೆಟ್ಟಿನಲ್ಲಿ ಪ್ರಕಟಿಸುವುದು ಜಮೀನ್ದಾರರಲ್ಲಿ ವಾಡಿಕೆಯಾಗಿತ್ತು. ಕನ್ನಡದವನಿಗೆ ಇದನ್ನು ಓದಿದೊಡನೆ ‘ದತ್ತು ಹೋದನು’ ಎನ್ನಬೇಕೆನಿಸುತ್ತದೆ, ನನಗೂ ಅನಿಸಿತು. ಆದರೆ ಇಂಗ್ಲೆಂಡಿನಲ್ಲಿ 1926ರ ಕಾಯಿದೆಯವರೆಗೆ ಕಾನೂನುಬದ್ಧ ದತ್ತಕವೇ ಇರಲಿಲ್ಲ. ದತ್ತು ಹೋದವನಿಗೆ ತಂದೆ ಬದಲಾಗುತ್ತಾನೆ, ಗೋತ್ರ ಬದಲಾಗುತ್ತದೆ. ಎಡ್ವರ್ಡನಿಗೆ ಬದಲಾದದ್ದು ಹೆಸರು ಮಾತ್ರ, ತಂದೆಯ ಮನೆಯ ಪದವಿ ಮುಂದೆ ಅವನಿಗೇ ಬಂದದ್ದು ಅದಕ್ಕೆ ಸಾಕ್ಷಿ. ‘ಆಸ್ತಿಯೊಡನೆ ಹೆಸರನ್ನೂ ತಾಳಿದನು’ ಎಂದು ಬಿಡಿಯಾಗಿ ಹೇಳುವುದರ ಹೊರತು ನನಗೆ ಬೇರೆ ದಾರಿ ಕಂಡಿಲ್ಲ.

‘ಎಸ್ಟೇಟ್’ ಎಂಬುದನ್ನು ಹಾಗೆಯೇ ಬಿಟ್ಟರೆ ಕೊಡಗು, ಚಿಕ್ಕಮಗಳೂರಿನ ಓದುಗರು ಕಾಫಿ ತೋಟವನ್ನು ಕಲ್ಪಿಸಿಕೊಳ್ಳುತ್ತಾರೆ, ‘ಜಮೀನು’ ಎಂದಿದ್ದೇನೆ. ಇಂಥ ಜಮೀನು ಹೆಚ್ಚಾಗಿ ವಂಶಕ್ಕೆ ಕಟ್ಟುಪಾಡಾಗಿ ಬರೆದಿಟ್ಟದ್ದು, ಹಾಲಿ ಒಡೆಯನಿಗೆ ಮನಸ್ಸಿಗೆ ಬಂದಂತೆ ಮಾರುವ ಅಧಿಕಾರವಿಲ್ಲ. ನಮ್ಮ ಶಾಸನ, ಕ್ರಯಪತ್ರಗಳ ಮಾತಿನಲ್ಲಿ ಹೇಳುವುದಾದರೆ ‘ಪುತ್ರಪೌತ್ರ ಪಾರಂಪರ್ಯ’ ಉಂಟು, ‘ದಾನಾಧಿಕ್ರಯವಿಕ್ರಯ’ ಇಲ್ಲ. ಬಹಳ ಅಚ್ಚುಕಟ್ಟಾದ ಈ ಪರಿಭಾಷೆಯನ್ನು ಬಳಸಿಕೊಳ್ಳಬಹುದೆಂದು ನನಗೆ ತೋರುತ್ತದೆ. ‘ಡೌವೇಜರ್’ ಎಂಬುದಕ್ಕೆ ‘ಹಿರಿಯ’ ಸಾಕು: ಆಲ್ಫ್ರೆಡನ ಹೆಂಡತಿಯೂ ಲೇಡಿ ಟಿಚ್‌ಬೋರ್ನ್ ಆಗಿದ್ದರಿಂದ ತಾಯಿಯನ್ನು ಬೇರ್ಪಡಿಸಲು ಆ ವಿಶೇಷಣ ಬೇಕಾಗಿತ್ತು, ದೊಡ್ಡ ಗೌಡ್ತಿ, ಚಿಕ್ಕ ಗೌಡ್ತಿ ಎಂದಂತೆ.

ಆಲ್ಫ್ರೆಡ್ 1866ರ ಫೆಬ್ರವರಿಯಲ್ಲಿ ಸತ್ತಾಗ ಆ ಚಿಕ್ಕ ಲೇಡಿ ಗರ್ಭಿಣಿ. ಮೇ ತಿಂಗಳಲ್ಲಿ ಗಂಡುಮಗು ಹುಟ್ಟಿ ಹನ್ನೆರಡನೆಯ ಬ್ಯಾರೊನೆಟ್ ಆಯಿತು. ನಡುವಿನ ಆ ತಿಂಗಳುಗಳಲ್ಲಿ ಪದವಿ ಯಾರದು? ಯಾರದೂ ಅಲ್ಲ, ಗರ್ಭದಲ್ಲಿದ್ದ ಮಗುವಿಗಾಗಿ ಕಾದಿತ್ತು. ಗರ್ಭಸ್ಥ ಶಿಶುವಿನ ಪಾಲನ್ನು ನಮ್ಮ ಧರ್ಮಶಾಸ್ತ್ರವೂ ಬಲ್ಲದಾದ್ದರಿಂದ ಇಲ್ಲಿ ಪದಕ್ಕೆ ಬರವಿಲ್ಲ.

ಇನ್ನು ತಲೆಬರಹದ ಪ್ರಶ್ನೆ. ಜಾಹೀರಾತನ್ನು ಕಂಡ ಆಸ್ಟ್ರೇಲಿಯದ ವಾಗಾ ವಾಗಾ ಎಂಬ ಊರಿನ ವಕೀಲನೊಬ್ಬನು, ತನ್ನ ಕಕ್ಷಿದಾರನಾಗಿದ್ದ ಥಾಮಸ್ ಕ್ಯಾಸ್ಟ್ರೋ ಎಂಬ ಕಸಾಯಿಯೇ ರೋಜರ್ ಎಂದು ಅನುಮಾನಿಸಿದನು. ಕ್ಯಾಸ್ಟ್ರೋ 1866ರ ಕೊನೆಯಲ್ಲಿ ಲಂಡನ್ನಿಗೆ ಬಂದನು; ಸೂಕ್ಷ್ಮ ಪ್ರಕೃತಿಯ ರೋಜರನ ಜಾಗದಲ್ಲಿ ಭಾರಿ ಮೈಯ ಈ ವ್ಯಕ್ತಿಯನ್ನು ಕಂಡ ತಾಯಿ, 1867ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ, ಇವನೇ ನನ್ನ ಮಗ ಎಂದಳು. ಮನೆತನದ ಬಹುತೇಕ ಉಳಿದವರು ಅಲ್ಲ ಎಂದರು. 1871ರಲ್ಲಿ ಆಸ್ತಿಗಾಗಿ ಹೂಡಿದ ದಾವೆಯ ವಿಚಾರಣೆ ಮೊದಲಾಗಿ 1872ರಲ್ಲಿ ಬಿದ್ದುಹೋಯಿತು. ಅನಂತರ ಸುಳ್ಳು ಸಾಕ್ಷ್ಯದ ಮೊಕದ್ದಮೆ 188 ದಿನ ನಡೆದು, ಅವನು ಲಂಡನ್ನಿನ ವ್ಯಾಪಿಂಗ್‌ನ ಕಸಾಯಿಯೊಬ್ಬನ ಮಗ ಆರ್ಥರ್ ಆರ್ಟನ್ ಎಂದು ತೀರ್ಮಾನವಾಗಿ, 1874ರಲ್ಲಿ ಹದಿನಾಲ್ಕು ವರ್ಷದ ಶಿಕ್ಷೆಯಾಯಿತು. ಅವನ ಪಕ್ಷದವರು ‘ಸರ್ ರೋಜರ್’ ಎಂದರು, ವಿರೋಧಿಗಳು ‘ಆರ್ಟನ್’ ಎಂದರು, ಯಾವ ಕಡೆಗೂ ವಾಲದೆ ಹೇಳುವ ಪತ್ರಿಕೆಗಳು ‘ಕ್ಲೇಮೆಂಟ್’ ಎಂದವು. 1898ರಲ್ಲಿ ಸತ್ತಾಗ ಶವಪೆಟ್ಟಿಗೆಯ ಫಲಕದ ಮೇಲೆ ಸರ್ ರೋಜರ್ ಎಂಬ ಹೆಸರನ್ನು ಹಾಕಲು ಮನೆತನದವರೇ ಒಪ್ಪಿದರೆಂಬುದರಿಂದ ಹೆಸರಿನ ಗೊಂದಲ ಅಲ್ಲಿಗೂ ಮುಗಿಯಲಿಲ್ಲ.

‘ಕ್ಲೇಮೆಂಟ್’ ಎಂಬುದನ್ನು ವಿಮೆ, ಬ್ಯಾಂಕುಗಳ ನಮೂನೆಗಳಲ್ಲಿ ‘ಹಕ್ಕುದಾರ’ ಎಂದು ಬರೆಯುವುದು ರೂಢಿ. ಪಾಲುದಾರನೆಂದರೆ ಪಾಲು ಉಳ್ಳವನು, ಜಮೀನ್ದಾರನೆಂದರೆ ಜಮೀನು ಉಳ್ಳವನು. ಹಾಗೆಯೇ ಹಕ್ಕುದಾರನೆಂದರೆ ಹಕ್ಕು ಉಳ್ಳವನು. ಆ ಪದವನ್ನು ಬಳಸಿದ ಕ್ಷಣವೇ ನಾನು ಅವನ ಪರವಾಗಿ ತೀರ್ಪು ಕೊಟ್ಟಂತಾಯಿತು. ‘ಸೋಗುಗಾರ’ ಎಂದರೆ ಎದುರು ಪಕ್ಷಕ್ಕೆ ತೀರ್ಪು. ‘ದಾವೆದಾರ’ ಅಥವಾ ‘ವಾದಿ’ ಎಂಬುದು ಮೊದಲನೆಯ ವ್ಯಾಜ್ಯಕ್ಕೆ ಸರಿ, ಆದರೆ ಎರಡನೆಯದರಲ್ಲಿ ಅವನು ಆರೋಪಿ. ಪತ್ರಿಕೆಗಳಲ್ಲಿ ಮಾತ್ರ ಆಗಲೂ ಕ್ಲೇಮೆಂಟೇ. ‘ಹಕ್ಕು ಸಾಧಿಸುವವನು’ ಎನ್ನಬಹುದಾದರೂ ‘ಸಾಧಿಸಿದ’ ಎಂಬ ಭೂತಕಾಲಕ್ಕೆ ಬಂದೊಡನೆ ಹಕ್ಕು ರುಜುವಾತಾಯಿತೆಂಬ ಅರ್ಥ ಬಂದುಬಿಡುತ್ತದೆ. ‘ಹಕ್ಕೊತ್ತಾಯ’ ಈಗ ಮೆರವಣಿಗೆ, ಮನವಿಪತ್ರಗಳ ಮಾತಾಗಿದೆ. ಸದ್ಯಕ್ಕೆ ‘ಹಕ್ಕುವಾದಿ’ ಎಂದು ಬರೆದುಕೊಂಡಿದ್ದೇನೆ. ಚಳವಳಿಗಾರನೆಂಬ ಭ್ರಮೆ ಹುಟ್ಟಿಸೀತೆಂಬ ಅಳುಕು ಇದ್ದರೂ, ಹಕ್ಕು ಇದೆಯೋ ಇಲ್ಲವೋ ಎಂಬುದನ್ನು ಹೇಳದೆ ಅವನ ವಾದವನ್ನಷ್ಟೇ ಹೇಳುವ ಗುಣ ಅದಕ್ಕಿದೆ.

ಹಳೆಯ ಮೈಸೂರು, ಮುಂಬಯಿ ಪ್ರಾಂತ ಅಥವಾ ದಕ್ಷಿಣ ಕನ್ನಡದ ನ್ಯಾಯಾಲಯದ ಕಡತಗಳನ್ನು ಓದಿದವರು, ಇನಾಮು ಅಥವಾ ಪಟೇಲಿಕೆಯ ವ್ಯಾಜ್ಯಗಳಲ್ಲಿ ‘ನಾನೇ ಆತ’ ಎಂದು ಬಂದವನನ್ನು ತೀರ್ಪಿಗೆ ಮುನ್ನ ಏನೆಂದು ಕರೆಯುತ್ತಿದ್ದರು ಎಂಬುದನ್ನೂ, ಹುಟ್ಟಬಹುದಾದ ಮಗುವಿನಿಂದ ತಪ್ಪಿಹೋಗಬಹುದಾದ ವಾರಸಿಕೆಗೆ ಯಾವ ಮಾತು ಬಳಕೆಯಲ್ಲಿತ್ತು ಎಂಬುದನ್ನೂ, ಸಾಧ್ಯವಾದರೆ ಬಳಕೆಯ ವಾಕ್ಯ ಸಮೇತ, ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.