ಡಾಕ್ಟರ್ ಮೇಡಂಗೆ ಕೇಳಿ: ಬೀದಿಯಲ್ಲಿ ಮಲಗುವವರು ಮತ್ತು ಕೊರೊನಾ (ರಾಯಚೂರು, ಮೇ 2021)

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಲಾಕ್‌ಡೌನ್ ಶುರುವಾದ ಮೇಲೆ ನಮ್ಮ ಗುಂಪಿನವರು ಸ್ಟೇಷನ್, ಬಸ್ ಸ್ಟ್ಯಾಂಡ್, ತೀನ್ ಕಂದೀಲ್ ಕಡೆ ಊಟ ಹಂಚುತ್ತಿದ್ದಾರೆ. ಅಲ್ಲಿ ಮಲಗುವವರ ಬಗ್ಗೆ ದಿನಾ ಪ್ರಶ್ನೆ ಬರುತ್ತಿವೆ. ಡಾಕ್ಟರ್ ಮೇಡಂ ಡ್ಯೂಟಿ ಮುಗಿಸಿ ಬಂದಿದ್ದಾರೆ. ರಾತ್ರಿ 9ರಿಂದ ಉತ್ತರ ಕೊಡುತ್ತಾರೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಗಂಜ್ ಹುಡುಗ: ನಮಸ್ಕಾರ ಮೇಡಂ. ಇವರಿಗೆ ಮಾಸ್ಕ್ ಕೊಟ್ಟರೆ ಮರುದಿನ ಇರುವುದೇ ಇಲ್ಲ. ಇದ್ದರೂ ಕೊಳೆಯಾಗಿರುತ್ತದೆ. ಏನು ಮಾಡೋಣ?

ಡಾಕ್ಟರ್ ಮೇಡಂ: ನಮಸ್ಕಾರ. ಕುಡಿಯಲು ನೀರಿಲ್ಲದವರಿಗೆ ಮಾಸ್ಕ್ ತೊಳೆದುಕೊಳ್ಳಿ ಅಂದರೆ ಹೇಗೆ? ಊಟ ಕೊಡುವಾಗ ಹಳೆಯದನ್ನು ಒಂದು ಚೀಲದಲ್ಲಿ ವಾಪಸ್ ತೆಗೆದುಕೊಂಡು ಒಗೆದದ್ದನ್ನು ಕೊಡಿ. ಒಗೆಯುವ ಕೆಲಸ ನಮ್ಮದು. ಸೋಪನ್ನು ತುಂಡು ಮಾಡಿ, ಹಳೇ ಸಾಕ್ಸ್‌ನಲ್ಲಿ ಹಾಕಿ ನಲ್ಲಿಗೆ ಕಟ್ಟಿ. ಸ್ಯಾನಿಟೈಸರ್ ಬಾಟಲಿ ಮಾತ್ರ ಅಲ್ಲಿ ಬಿಟ್ಟು ಬರಬೇಡಿ. ಕುಡಿಯುವ ಚಟ ಇದ್ದವರು ಅದನ್ನೇ ಕುಡಿದರೆ ಜೀವಕ್ಕೆ ಅಪಾಯ. ಇನ್ನೊಂದು ಮಾತು, ಊಟಕ್ಕೆ ಎಲ್ಲರನ್ನೂ ಒಂದೇ ಕಡೆ ಕರೆಯಬೇಡಿ. ಅವರು ಕುಳಿತ ಜಾಗಕ್ಕೇ ಹೋಗಿ ಕೊಡಿ.

ತೀನ್ ಕಂದೀಲ್ ಗೆಳೆಯ: ಮೇಡಂ, ಮೂಗಿಗೆ ಎರಡು ಹನಿ ನಿಂಬೆರಸ ಬಿಟ್ಟರೆ ವೈರಸ್ ಸಾಯುತ್ತದಂತೆ. ಖರ್ಚೂ ಕಡಿಮೆ. ಇವರಿಗೆಲ್ಲ ಹಾಕೋಣ ಅಂತಿದ್ದೇವೆ.

ಡಾಕ್ಟರ್ ಮೇಡಂ: ಬೇಡ. ವೈರಸ್ ಸಾಯುವುದಿಲ್ಲ. ಮೂಗು ಉರಿಯುತ್ತದೆ, ರಸ ಶ್ವಾಸಕೋಶಕ್ಕೂ ಇಳಿಯಬಹುದು.

ಬಸ್ ಸ್ಟ್ಯಾಂಡ್ ಅಕ್ಕ: ಮೇಡಂ, ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನ ಹೆಣ್ಣುಮಕ್ಕಳಿದ್ದಾರೆ. ಹೋಟೆಲ್, ಶೌಚಾಲಯ ಎಲ್ಲಾ ಬಂದ್. ಸ್ನಾನಕ್ಕೆ, ಮುಟ್ಟಿನ ಬಟ್ಟೆ ಬದಲಿಸಲಿಕ್ಕೆ ಜಾಗವೇ ಇಲ್ಲ. ಏನು ಮಾಡಬೇಕು?

ಸ್ಟೇಷನ್ ರೋಡ್ ಚಹಾ: ಮೇಡಂ ಅರ್ಜೆಂಟ್. ನಮ್ಮ ಅಂಗಡಿ ಕಟ್ಟೆಯ ಮೇಲೆ ಒಬ್ಬರು ಅಜ್ಜ ಮೂರು ವರ್ಷದಿಂದ ಮಲಗುತ್ತಾರೆ. ಎರಡು ದಿನದಿಂದ ಊಟದ ಪೊಟ್ಟಣ ಬಿಚ್ಚಿಲ್ಲ. ಜ್ವರ ಇಲ್ಲ. ಕೆಮ್ಮು ಸ್ವಲ್ಪ. ದಿನಾ "ಸಕ್ಕರೆ ಕಡಿಮೆ" ಅಂತ ನನ್ನನ್ನು ಬೈಯುತ್ತಿದ್ದವರು ಇವತ್ತು ನನ್ನ ಗುರುತೇ ಹಿಡಿಯಲಿಲ್ಲ. ಆಕ್ಸಿಮೀಟರ್ ಇಟ್ಟರೆ 84 ತೋರಿಸಿತು. ಆದರೆ ದಮ್ಮು ಹತ್ತಿದ ಹಾಗೆ ಕಾಣುವುದಿಲ್ಲ, ಆರಾಮ ಕುಳಿತಿದ್ದಾರೆ. ಯಂತ್ರ ಕೆಟ್ಟಿದೆಯಾ?

ಡಾಕ್ಟರ್ ಮೇಡಂ: ಮೊದಲು 108ಕ್ಕೆ ಫೋನ್ ಮಾಡಿ. ಆಮೇಲೆ ಮುಂದೆ ಓದಿ.

ಗಾಡಿ ಬರುವ ತನಕ ಇಷ್ಟು ಮಾಡಿ. ಯಂತ್ರವನ್ನು ನಿಮ್ಮ ಬೆರಳಿಗೆ ಇಟ್ಟು ನೋಡಿ. 97, 98 ಬಂದರೆ ಯಂತ್ರ ಸರಿ ಇದೆ. ಅಜ್ಜನ ಬೆರಳು ತೊಳೆದು, ಒರೆಸಿ, ಸ್ವಲ್ಪ ಉಜ್ಜಿ ಬೆಚ್ಚಗೆ ಮಾಡಿ. ಕೊಳೆ ಇದ್ದರೆ, ಬೆರಳು ತಣ್ಣಗಿದ್ದರೆ, ಕೈ ಅಲುಗಿದರೆ ಅಂಕಿ ತಪ್ಪುತ್ತದೆ. ಒಂದು ನಿಮಿಷ ಬಿಟ್ಟು, ನಿಂತ ಅಂಕಿ ನೋಡಿ. ಇನ್ನೊಂದು ಕೈಗೂ ಇಡಿ.

ಈಗ ಯಂತ್ರ ಬಿಡಿ, ಎದೆ ನೋಡಿ. ಫೋನಿನ ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ದೊಡ್ಡವರಿಗೆ 24 ಮತ್ತು ಅದಕ್ಕಿಂತ ಜಾಸ್ತಿ ಇದ್ದರೆ ಆಸ್ಪತ್ರೆ ಬೇಕು. 30 ದಾಟಿದರೆ ಪರಿಸ್ಥಿತಿ ಗಂಭೀರ. ಆಕ್ಸಿಜನ್ 94ಕ್ಕಿಂತ ಕೆಳಗಿದ್ದರೂ ಹಾಗೇ, 90ಕ್ಕಿಂತ ಕೆಳಗೆ ಬಂದರೆ ಒಂದು ಗಳಿಗೆಯೂ ಕಾಯಬಾರದು. ಈ ರೋಗದಲ್ಲಿ ಆಕ್ಸಿಜನ್ ಇಳಿದರೂ ಕೆಲವರಿಗೆ ದಮ್ಮು ಹತ್ತಿದ ಹಾಗೆ ಅನ್ನಿಸುವುದೇ ಇಲ್ಲ. ಆರಾಮ ಕುಳಿತಿದ್ದಾರೆ ಅಂತ ನಂಬಬೇಡಿ. ವಯಸ್ಸಾದವರಿಗೆ ಜ್ವರವೂ ಬಾರದೆ ಇರಬಹುದು. ಊಟ ಬಿಡುವುದು, ಗುರುತು ತಪ್ಪುವುದು, ಇಷ್ಟೇ ಲಕ್ಷಣ ಇರಬಹುದು.

ನಮ್ಮೂರ ಬಿಸಿಲನ್ನೂ ಮರೆಯಬೇಡಿ. ಬಿಸಿಲು ಬಡಿದರೂ ಬುದ್ಧಿ ಮಂಕಾಗುತ್ತದೆ. ಸಕ್ಕರೆ ಕಾಯಿಲೆ ಇದ್ದರೂ ಹೀಗಾಗಬಹುದು. ಯಾವುದು ಅಂತ ನಾವು ಕಟ್ಟೆಯ ಮೇಲೆ ತೀರ್ಮಾನಿಸುವುದು ಬೇಡ. ಮೈ ಸುಡುತ್ತಿದ್ದರೆ ಒದ್ದೆ ಬಟ್ಟೆಯಿಂದ ಮೈ ಒರೆಸಿ, ಗಾಳಿ ಹಾಕಿ. ಮಂಪರಿನಲ್ಲಿದ್ದರೆ ಬಾಯಿಗೆ ನೀರು, ಚಹಾ ಏನೂ ಹಾಕಬೇಡಿ. ಒರಗಿಸಿ ಕೂರಿಸಿ. ಎಚ್ಚರ ತಪ್ಪಿದರೆ ಮಗ್ಗುಲಾಗಿ ಮಲಗಿಸಿ. ನೀವೂ ಮಾಸ್ಕ್ ಬಿಗಿಯಾಗಿ ಹಾಕಿಕೊಳ್ಳಿ.

ಒಂದು ಚೀಟಿ ಬರೆದು ಅಜ್ಜನ ಜೇಬಿಗೆ ಪಿನ್ ಮಾಡಿ. ಎಲ್ಲಿ ಮಲಗುತ್ತಿದ್ದರು, ಎಂದಿನಿಂದ ಊಟ ಬಿಟ್ಟರು, ಮೊದಲು ಹೇಗಿದ್ದರು, ನಿಮ್ಮ ಫೋನ್ ನಂಬರ್. ವಾರ್ಡಿನಲ್ಲಿ "ಅಪರಿಚಿತ" ಅಂತ ಬರೆದುಕೊಂಡರೆ, ಇವರು ಮೊದಲಿನಿಂದ ಹೀಗೇ ಇದ್ದರೋ ನಿನ್ನೆಯಿಂದ ಹೀಗೋ ಅಂತ ಡಾಕ್ಟರಿಗೆ ಗೊತ್ತಾಗುವುದಿಲ್ಲ. ಅದು ಗೊತ್ತಿರುವುದು ದಿನಾ ಬೈಸಿಕೊಂಡ ನಿಮಗೆ ಮಾತ್ರ. ಅವರ ಗಂಟನ್ನೂ ಜೊತೆಗೇ ಕಳಿಸಿ. ಗಂಟು ಬಿಟ್ಟು ಬರುವುದಿಲ್ಲ ಅಂತ ಆಂಬುಲೆನ್ಸ್ ಹತ್ತದವರನ್ನು ನಾನು ಕಂಡಿದ್ದೇನೆ.

ಸ್ಟೇಷನ್ ರೋಡ್ ಚಹಾ: ಫೋನ್ ಮಾಡಿದೆ ಮೇಡಂ. ನನ್ನ ಬೆರಳಿಗೆ 98. ಅಜ್ಜನಿಗೆ ತೊಳೆದು ಇಟ್ಟ ಮೇಲೆ 86. ಉಸಿರು 32.

ಡಾಕ್ಟರ್ ಮೇಡಂ: ರಿಮ್ಸ್ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಹೇಳಿ. ನೀವೂ ಹಿಂದೆ ಹೋಗಿ. ಬಾಗಿಲಲ್ಲಿ ಮಾತಾಡಲು ಒಬ್ಬರು ಬೇಕು.

ತೀನ್ ಕಂದೀಲ್ ಗೆಳೆಯ: ಗಾಡಿ ಬರುವ ತನಕ ಕರ್ಪೂರ, ಓಮಿನ ಕಾಳು, ಲವಂಗ ಕಟ್ಟಿ ಮೂಸಲು ಕೊಡಿ ಅಣ್ಣಾ. ಆಕ್ಸಿಜನ್ ಏರುತ್ತದೆ. ವಿಡಿಯೋ ಇದೆ, ಹಾಕಲಾ?

ಡಾಕ್ಟರ್ ಮೇಡಂ: ಹಾಕಬೇಡಿ! ಕರ್ಪೂರ ಮೂಸಿದರೆ ಆಕ್ಸಿಜನ್ ಏರುವುದಿಲ್ಲ. ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ. ಇಂಥ ವಿಡಿಯೋ ನಂಬಿ ಮನೆಯಲ್ಲೇ ಉಳಿದು, ಕೊನೆಗೆ ನನ್ನ ಕೈಗೆ ಬಂದವರನ್ನು ಈ ತಿಂಗಳು ಸಾಕಷ್ಟು ನೋಡಿದ್ದೇನೆ.

ವ್ಯಾಪಾರಿ ಅಣ್ಣ: ಕಷ್ಟ ಅರ್ಥವಾಗುತ್ತದೆ. ಆದರೆ ಇವರನ್ನೆಲ್ಲ ಒಂದು ವ್ಯಾನಿನಲ್ಲಿ ತುಂಬಿ ಊರ ಹೊರಗೆ ಇಟ್ಟರೆ ಎಲ್ಲರಿಗೂ ಕ್ಷೇಮ ಅಲ್ವಾ? ನಮಗೂ ಮಕ್ಕಳಿದ್ದಾರೆ. ಕಡೇ ಪಕ್ಷ ಫುಟ್‌ಪಾತ್ ಮೇಲೆ ಮಲಗಿದವರ ಮೇಲೆ ಔಷಧಿ ಹೊಡೆಸಿ.

ಆಶಾ ಅಕ್ಕ: ಅಣ್ಣಾ, ಮನುಷ್ಯರ ಮೇಲೆ ಔಷಧಿ ಹೊಡೆಯುವುದಾ? ರಾತ್ರಿ ನಿಮ್ಮ ಅಂಗಡಿಗಳ ಮುಂದೆ ಎಚ್ಚರ ಇರುವವರು ಅವರೇ.

ವ್ಯಾಪಾರಿ ಅಣ್ಣ: ನಿಮಗೆ ಹೇಳಲು ಸುಲಭ. ಕಟ್ಟೆ ನನ್ನದು.

ಡಾಕ್ಟರ್ ಮೇಡಂ: ಜನರ ಮೇಲೆ ಬ್ಲೀಚಿಂಗ್ ದ್ರಾವಣ ಹೊಡೆಯಬಾರದು. ಕಣ್ಣು, ಚರ್ಮ, ಉಸಿರಿನ ನಾಳ ಸುಡುತ್ತದೆ, ಒಳಗಿನ ವೈರಸ್ ಹಾಗೇ ಇರುತ್ತದೆ. 2020ರ ಏಪ್ರಿಲ್‌ನಲ್ಲೇ ಕೇಂದ್ರ ಆರೋಗ್ಯ ಇಲಾಖೆ ಬೇಡ ಅಂದಿದೆ. ಇನ್ನು ವ್ಯಾನಿನಲ್ಲಿ ತುಂಬಿದರೆ ಒಬ್ಬರ ರೋಗ ಹತ್ತು ಜನಕ್ಕೆ ಬರುತ್ತದೆ.

ನಿವೃತ್ತ ಮೇಷ್ಟ್ರು: ಅಣ್ಣಾ, ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಶೇ 3ರಷ್ಟು ಭಿಕ್ಷುಕರ ಕರ ಇರುತ್ತದೆ. ನಿಮ್ಮ ರಸೀದಿ ನೋಡಿ. ನಗರದಲ್ಲಿ ಪ್ರತಿ ಒಂದು ಲಕ್ಷ ಜನಕ್ಕೆ ಮನೆಯಿಲ್ಲದವರ ಒಂದು ವಸತಿ ಕೇಂದ್ರ ಇರಬೇಕು ಅಂತ ನಗರ ಜೀವನೋಪಾಯ ಯೋಜನೆಯ ನಿಯಮವಿದೆ. ರಾಯಚೂರಿನಲ್ಲಿ 2011ರ ಜನಗಣತಿಗೇ ಎರಡು ಲಕ್ಷ ದಾಟಿತ್ತು. ಊರ ಹೊರಗೆ ಬೇಡ, ಊರೊಳಗೆ ಜಾಗ ಕೇಳಿ.

ವ್ಯಾಪಾರಿ ಅಣ್ಣ: ತೆರಿಗೆ ಕಟ್ಟುವವನೂ ನಾನೇ, ಪಾಠ ಕೇಳುವವನೂ ನಾನೇ. ಆಯ್ತು ಬಿಡಿ ಸರ್.

ಗಂಜ್ ಹುಡುಗ: ಮೇಷ್ಟ್ರೇ, ಕೇಂದ್ರದಲ್ಲಿ ತುಂಬಿದರೂ ಹರಡುವುದಿಲ್ವಾ?

ಡಾಕ್ಟರ್ ಮೇಡಂ: ಒಳ್ಳೆಯ ಪ್ರಶ್ನೆ. ಆ ಯೋಜನೆಯಲ್ಲಿ ಒಬ್ಬರಿಗೆ 50 ಚದರ ಅಡಿ ಅಂತ ಲೆಕ್ಕ. ಈಗ ಅದು ಸಾಲದು. ಹಾಸಿಗೆಗಳ ನಡುವೆ ಸುತ್ತಲೂ ಆರಾರು ಅಡಿ ಬಿಡಬೇಕಾದರೆ 50 ಜನರ ಜಾಗದಲ್ಲಿ 25 ಜನಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ. ಉಳಿದವರಿಗೆ ಮುಚ್ಚಿರುವ ಶಾಲೆ, ಕಲ್ಯಾಣ ಮಂಟಪ ಕೇಳಬೇಕು. ಎದುರುಬದುರು ಕಿಟಕಿ ತೆರೆದಿಡಿ. ಕೆಮ್ಮುವವರಿಗೆ ಬೇರೆ ಕೋಣೆ. ಎರಡು ವಾರ ದಾಟಿದ ಕೆಮ್ಮಾದರೆ ಕಫ ಪರೀಕ್ಷೆಯನ್ನೂ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕೊರೊನಾ ಗದ್ದಲದಲ್ಲಿ ಟಿಬಿ ಮರೆತೇಹೋಗುತ್ತಿದೆ.

ಮಾವಿನಕೆರೆ ದಂಡೆ: ಆಧಾರ್ ಇಲ್ಲದವರಿಗೆ ಲಸಿಕೆ ಕೊಡುತ್ತಾರಾ ಮೇಡಂ?

ಡಾಕ್ಟರ್ ಮೇಡಂ: ಹೌದು. ಗುರುತಿನ ಚೀಟಿ ಇಲ್ಲದವರಿಗೂ ಲಸಿಕೆ ಕೊಡುವ ಕ್ರಮವನ್ನು ಕೇಂದ್ರ ಸರ್ಕಾರ ಇದೇ ಮೇ ತಿಂಗಳಲ್ಲಿ ಹೇಳಿದೆ. ಭಿಕ್ಷುಕರು, ಅಲೆಮಾರಿಗಳೂ ಅದರಲ್ಲಿದ್ದಾರೆ. ಜಿಲ್ಲಾಡಳಿತಕ್ಕೆ ಹೆಸರಿನ ಪಟ್ಟಿ ಕೊಡಿ. ಕೋವಿಶೀಲ್ಡ್ ಎರಡನೇ ಡೋಸ್ 12ರಿಂದ 16 ವಾರಕ್ಕೆ. ಅಷ್ಟರಲ್ಲಿ ಅವರು ಎಲ್ಲಿರುತ್ತಾರೋ, ದಿನಾಂಕ ನೀವೂ ಬರೆದಿಟ್ಟುಕೊಳ್ಳಿ.

ತಿಮ್ಮಾಪುರ ಪೇಟೆ: ಆಧಾರ್ ಇಲ್ಲದಿದ್ದರೆ ಲಸಿಕೆ ಸಿಗುತ್ತಾ?

ಡಾಕ್ಟರ್ ಮೇಡಂ: ಮೇಲೆ ಓದಿ.

ಬಸ್ ಸ್ಟ್ಯಾಂಡ್ ಅಕ್ಕ: ಮೇಡಂ, ನನ್ನ ಪ್ರಶ್ನೆ ಉಳಿದುಹೋಗಿದೆ.

ಹೊಸ ಸದಸ್ಯ: ನಿಂಬೆರಸ ಬೇಡ ಅಂದಿರಿ, ಸರಿ. ಈರುಳ್ಳಿ ಉಪ್ಪು ಹಚ್ಚಿ ತಿಂದರೆ? ದಿನಾ ಐದು ಸಲ ಹಬೆ ತಗೊಂಡರೆ?

ಡಾಕ್ಟರ್ ಮೇಡಂ: ಈರುಳ್ಳಿ ಊಟದ ಜೊತೆ ತಿನ್ನಿ. ಔಷಧಿ ಅಲ್ಲ. ಹಬೆಯೂ ಔಷಧಿ ಅಲ್ಲ. ಫುಟ್‌ಪಾತ್ ಮೇಲೆ ಕುದಿಯುವ ನೀರು ಇಟ್ಟು ಯಾರಿಗಾದರೂ ಸುಟ್ಟರೆ ಯಾರು ನೋಡುತ್ತಾರೆ? ಇನ್ನು ಮನೆಮದ್ದಿನ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ.

ಹೊಸ ಸದಸ್ಯ: ಕೇಳಿದ್ದಕ್ಕೆ ಇಷ್ಟು ಸಿಟ್ಟಾ? ನಮ್ಮ ಅಜ್ಜಿ ಕಾಲದಿಂದ ಮಾಡುತ್ತಿದ್ದೇವೆ.

ಆಶಾ ಅಕ್ಕ: ರೀ, ಮೇಡಂ ಬೆಳಿಗ್ಗೆಯಿಂದ ಮೈಯೆಲ್ಲ ಮುಚ್ಚುವ ಆ ಪಿಪಿಇ ಕಿಟ್‌ನೊಳಗೆ ಬೆಂದು ಬಂದಿದ್ದಾರೆ. ಸುಮ್ನಿರಿ.

ಅಡ್ಮಿನ್: ಏಕವಚನ ಬಳಸಿದ ಎರಡು ಕಾಮೆಂಟ್ ತೆಗೆದಿದ್ದೇನೆ.

ಸ್ಟೇಷನ್ ರೋಡ್ ಚಹಾ: ಆಸ್ಪತ್ರೆಯಲ್ಲಿದ್ದೇವೆ ಮೇಡಂ. ಆಕ್ಸಿಜನ್ ಹಾಕಿದ್ದಾರೆ, ಈಗ 93. ಚೀಟಿ ಓದಿ ನನ್ನನ್ನು ಒಳಗೆ ಕರೆದು ಕೇಳಿದರು. ಊರು ಯಾವುದು ಅಂದರು. ಮೂರು ವರ್ಷ ಚಹಾ ಕೊಟ್ಟಿದ್ದೇನೆ, ಊರು ಕೇಳಿರಲಿಲ್ಲ.

ಡಾಕ್ಟರ್ ಮೇಡಂ: ಎಚ್ಚರವಾದಾಗ ಕೇಳಿ. ಗಂಟು ಎಲ್ಲಿದೆ?

ಸ್ಟೇಷನ್ ರೋಡ್ ಚಹಾ: ಮಂಚದ ಕೆಳಗೆ ಇಟ್ಟಿದ್ದೇನೆ.

ಬಸ್ ಸ್ಟ್ಯಾಂಡ್ ಅಕ್ಕ: ಮೇಡಂ, ಮೂರನೇ ಸಲ ಕೇಳುತ್ತಿದ್ದೇನೆ. ಆ ನಾಲ್ಕು ಹೆಣ್ಣುಮಕ್ಕಳು.